ಹರಿದಿಮೋಸನಿಗೆ ನಾರ್ವೆ ಟಿಕೆಟ್ಟು

ಗುಂಡು ಹಾರಿಸಿದ್ದು ನಾನು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಗ್ರೀಸಿನ ಕ್ರೀಟ್ ದ್ವೀಪದ ಈ ಬೆಟ್ಟದೂರಲ್ಲಿ ಈ ಮಾತನ್ನ ನಂಬೋ ಒಂದು ನರಪಿಳ್ಳೆ ಇಲ್ಲ. ಪಾದ್ರಿಗೆ ಹೇಳಿದೆ, ಹೂಂ ಹೂಂ ಅಂತ ತಲೆ ಆಡಿಸಿದರು. ಅಕ್ಕಪಕ್ಕದ ಹೆಂಗಸರಿಗೆ ಹೇಳಿದೆ, ಕಣ್ಣೊರೆಸ್ಕೊಂಡು "ಅತ್ತೆ ಅಂದ್ರೆ ಹಿಂಗಿರಬೇಕು" ಅಂದರು. ನಿಮಗೂ ಹೇಳ್ತೀನಿ. ನಂಬೋದು ಬಿಡೋದು ನಿಮಗೆ ಸೇರಿದ್ದು.

ನನ್ನ ಹೆಸರು ರೊದಾಂತಿ. ಇಪ್ಪತ್ತೆರಡು ವರ್ಷ ಜರ್ಮನೀಲಿ ಒಂದು ಕಾರ್ಖಾನೆಯ ಕ್ಯಾಂಟೀನಲ್ಲಿ ಆಲೂಗಡ್ಡೆ ಸುಲಿದು, ತಣ್ಣೀರಲ್ಲಿ ಪಾತ್ರೆ ಉಜ್ಜಿ, ಕೈಗಂಟೆಲ್ಲ ಊದಿಸ್ಕೊಂಡು ಊರಿಗೆ ಬಂದವಳು. ಮದುವೆ ಆಗಲಿಲ್ಲ. ನನಗೆ ಬೇಕಾದವನಿಗೆ ನಾನು ಬೇಡ, ನಾನು ಬೇಕಾದವನು ನನಗೆ ಬೇಡ, ಅದೆಲ್ಲ ಈಗ ಯಾಕೆ. ನನ್ನ ತಮ್ಮ ವಾರ್ದಿಸನ ಮಕ್ಕಳೇ ನನ್ನ ಮಕ್ಕಳು. ಅವಕ್ಕೆ ನಾನು ಒಂದು ನೇಮ ಮಾಡಿದ್ದೆ: ಹದಿನೆಂಟು ತುಂಬಿದ ವರ್ಷ ಅತ್ತೆ ಕಡೆಯಿಂದ ಪರದೇಶಕ್ಕೆ ಹೋಗಿಬರೋ ಟಿಕೆಟ್ಟು. ಚಿನ್ನ ಅಲ್ಲ, ಮೇಕೆ ಅಲ್ಲ, ಟಿಕೆಟ್ಟು. ಈ ಬೆಟ್ಟದಾಚೆಗೂ ಮನುಷ್ಯರಿದಾರೆ, ಅವರು ಮಾತುಮಾತಿಗೆ ಸೊಂಟದ ಪಿಸ್ತೂಲಿಗೆ ಕೈ ಹಾಕಲ್ಲ ಅಂತ ಹುಡುಗರು ಒಂದ್ಸಲ ಕಣ್ಣಾರೆ ನೋಡಲಿ ಅಂತ ನನ್ನ ಆಸೆ.

ದೊಡ್ಡವಳು ವಿಯೆನ್ನಾ ನೋಡಿ ಬಂದು, ನಮ್ಮ ಕಲ್ಲುದಾರೀಲಿ ನಾಲ್ಕು ಹೆಜ್ಜೆ ಇಡಕ್ಕಾಗದ ಚಪ್ಪಲಿ ತಂದು, ಮದುವೆಯಾಗಿ ಬೇರೆ ಊರಿಗೆ ಹೋದಳು. ಆಮೇಲೆ ಹರಿದಿಮೋಸನ ಸರದಿ. ಮೇಕೆ ಹಿಂದೆ ಓಡಿ ಓಡಿ ಬೆಳೆದ ಹುಡುಗ. ಯಾರೋ ಹೇಳಿದ್ದರಂತೆ, ನಾರ್ವೆಯ ತುದೀಲಿ ಬೇಸಿಗೇಲಿ ಸೂರ್ಯ ಮುಳುಗೋದೇ ಇಲ್ಲ ಅಂತ. "ಹಂಗಾದ್ರೆ ಅಲ್ಲಿ ಮೇಕೆಗಳು ಯಾವಾಗ ಮಲಗ್ತವೆ ಅತ್ತೆ?" ಅಂತ ನನ್ನ ಜೀವ ತಿಂದಿದ್ದ.

ಕುರಿ ಉಣ್ಣೆ ಕತ್ತರಿಸೋ ದಿನ ಕೊಡಬೇಕು ಅಂತ ನಿರ್ಧಾರ ಮಾಡಿದೆ. ಅವತ್ತು ಊರಿನ ಗಂಡಸರೆಲ್ಲ ಕತ್ತರಿ ಹಿಡ್ಕೊಂಡು ನಮ್ಮಂಗಳಕ್ಕೆ ಬಂದಿದ್ರು. ಹಳ್ಳದಾಚೆ ಮನೆ ಮನೂಸೋಸನ ದೊಡ್ಡ ಮಗ ಯಕೂಮಿಸ್ ಕೂಡ ಬಂದಿದ್ದ. ಕೆಳಗೆ ದೊಡ್ಡ ಕೊಪ್ಪರಿಗೇಲಿ ಮಾಂಸ ಬೇಯ್ತಿತ್ತು, ಅದೇ ಸಾರಿಗೆ ಅಕ್ಕಿ ಸುರೀತಿದ್ರು. ನಾನು ಅಪ್ಪ ಮಗ ಇಬ್ಬರನ್ನೂ ತಾರಸಿಗೆ ಕರೆದೆ. ಮೇಲೆ ನಾವು ಮೂವರೇ ಇದ್ದಿದ್ದು. ಹುಡುಗನ ಕೈಗೆ ಲಕೋಟೆ ಇಟ್ಟೆ.

"ಏನಿದು ಅತ್ತೆ?"

"ಬಿಚ್ಚಿ ನೋಡೋ ಕತ್ತೆ."

ಬಿಚ್ಚಿದ, ಓದಿದ, ಇನ್ನೊಂದ್ಸಲ ಓದಿದ. ಆಮೇಲೆ ನನ್ನನ್ನ ಎತ್ತಿ ಗಿರಗಿರ ತಿರುಗಿಸಿದ ನೋಡಿ, ನನ್ನ ತಲೆವಸ್ತ್ರ ಹಾರಿಹೋಯ್ತು.

"ಅಕ್ಕಾ, ನಿನಗೆ ತಲೆ ನೆಟ್ಟಗಿಲ್ಲ. ಈ ದುಡ್ಡಿಗೆ ಎಂಟು ಮೇಕೆ ಬರ್ತಿದ್ವು" ಅಂದ ವಾರ್ದಿಸ್. ಅಂದನೇ ಹೊರತು ಅವನ ಕಣ್ಣು ತುಂಬಿತ್ತು. ನಮ್ಮಲ್ಲಿ ಖುಷಿಯಾದರೆ ಬಾಯಿ ಮಾತಾಡಲ್ಲ, ಪಿಸ್ತೂಲು ಮಾತಾಡತ್ತೆ. ಅವನು ಸೊಂಟದಿಂದ ತೆಗೆದು ಆಕಾಶಕ್ಕೆ ಎರಡು ಹಾರಿಸಿದ. ಕೆಳಗೆ ಅಂಗಳದವರು ಹೋ ಅಂದರು. ಆಮೇಲೆ ಅವನಿಗೆ ಏನನ್ನಿಸ್ತೋ, ಪಿಸ್ತೂಲನ್ನ ನನ್ನ ಕಡೆ ಚಾಚಿ, "ತಗೋ, ನೀನೂ ಒಂದು ಹಾರಿಸು. ಕೊಟ್ಟವಳು ನೀನಲ್ವಾ. ಯಾರೂ ನೋಡಲ್ಲ" ಅಂದ.

ಏಳು ವರ್ಷದವಳಿದ್ದಾಗಿಂದ ಅಪ್ಪನ ಪಿಸ್ತೂಲು ಒರೆಸಿ ಎಣ್ಣೆ ಹಚ್ಚಿದವಳು ನಾನು. ಒಂದ್ಸಲನೂ ಹಾರಿಸಿರಲಿಲ್ಲ. ನಮ್ಮ ಹೆಂಗಸರು ಹಾರಿಸಲ್ಲ. ಹೊಟ್ಟೇಲಿ ಎರಡು ಲೋಟ ರಾಕಿ ಸಾರಾಯಿ ಬೇರೆ ಇತ್ತು. ಇಸ್ಕೊಂಡೆ.

ಮೊದಲನೇದು ಆಕಾಶಕ್ಕೇ ಹೋಯ್ತು. ಅದು ಒದ್ದ ಏಟಿಗೆ ಊದಿದ ಮಣಿಕಟ್ಟು ಕುಸೀತು, ಬೆರಳು ಮಾತ್ರ ಬಿಡಲಿಲ್ಲ. ಎರಡನೇದು ನೆಟ್ಟಗೆ ಹಳ್ಳದಾಚೆಗೆ ಹೋಯ್ತು.

ಆಚೆ ತಾರಸೀಲಿ ಮನೂಸೋಸನ ಚಿಕ್ಕ ಮಗ ಸ್ತ್ರಾತಿಸ್ ನೀರಿನ ತೊಟ್ಟಿ ರಿಪೇರಿ ಮಾಡ್ತಿದ್ದ. ಇಪ್ಪತ್ತೆರಡು ವರ್ಷ. ಕಣಜ ಕಚ್ಚಿತೇನೋ ಅನ್ನೋ ಹಾಗೆ ಕುತ್ತಿಗೆಗೆ ಕೈ ಹಾಕ್ಕೊಂಡ. ಬೆರಳ ಸಂದಿಂದ ರಕ್ತ ಚಿಮ್ಮಿ ಅವರಮ್ಮ ಹರವಿದ್ದ ಬಿಳಿ ದುಪ್ಪಟಿಗೆ ಬಿತ್ತು. ಅವನು ಕೂತ, ಆಮೇಲೆ ವಾಲಿದ. ಅವರಮ್ಮ ಎರ್ಗೀನಿ ಮಗನನ್ನ ನೋಡಿ, ತಿರುಗಿ ನಮ್ಮ ತಾರಸಿ ಕಡೆ ನೋಡಿದಳು.

ಅವಳು ತಿರುಗೋ ಅಷ್ಟರಲ್ಲಿ ಪಿಸ್ತೂಲು ನನ್ನ ಕೈಲಿರಲಿಲ್ಲ. ಹರಿದಿಮೋಸ್ ತಗೊಂಡುಬಿಟ್ಟಿದ್ದ. ಅವನು ಯೋಚನೆ ಮಾಡಿ ತಗೊಂಡಿದ್ದಲ್ಲ. ಮಗು ಕೈಯಿಂದ ಚಾಕು ಕಿತ್ಕೊಳ್ಳೋ ಹಾಗೆ, ನಮ್ಮ ಗಂಡಸರು ಹೆಂಗಸಿನ ಕೈಲಿ ಪಿಸ್ತೂಲು ಬಿಡಲ್ಲ. ಎರ್ಗೀನಿ ಕಂಡಿದ್ದು ಪಿಸ್ತೂಲು ಹಿಡಿದ ಹದಿನೆಂಟರ ಹುಡುಗನನ್ನ. ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಹೆಂಗಸಿನ ಕೈ ತಪ್ಪಿತು ಅಂತ ಶಾಪ ಹಾಕ್ತಿದ್ರು, ಏಳು ತಲೆಮಾರು ಮಾತು ಬಿಡ್ತಿದ್ರು, ಅಷ್ಟೇ. ಇಲ್ಲಿ ಹೆಂಗಸಿನಿಂದ ಯಾರೂ ರಕ್ತ ಕೇಳಲ್ಲ.

ಹುಡುಗ ಪಿಸ್ತೂಲನ್ನ ಅಪ್ಪನ ಕಡೆ ಎಸೆದು, ಅಂಗಳದಿಂದ ಒಂದು ತೆಕ್ಕೆ ಉಣ್ಣೆ ಬಾಚ್ಕೊಂಡು ಹಳ್ಳ ದಾಟಿ ಓಡಿದ. ಸ್ತ್ರಾತಿಸನ ಕುತ್ತಿಗೆಗೆ ಉಣ್ಣೆ ಒತ್ತಿದ. ಅದು ಕೆಂಪಾಯ್ತು, ಇನ್ನೊಂದು ಹಿಡಿ ಒತ್ತಿದ, ಅದೂ ಕೆಂಪಾಯ್ತು. ಸ್ತ್ರಾತಿಸನ ಹಿಮ್ಮಡಿ ನೆಲಕ್ಕೆ ಬಡೀತಿತ್ತು, ಆಮೇಲೆ ನಿಂತಿತು. ಅಷ್ಟೊತ್ತಿಗೆ ಯಕೂಮಿಸ್ ಮೇಲೆ ಬಂದಿದ್ದ, ನಮ್ಮ ಕುರಿ ಕತ್ತರಿಸ್ತಿದ್ದ ಕತ್ತರಿ ಇನ್ನೂ ಕೈಲೇ ಇತ್ತು. ಹರಿದಿಮೋಸನ ಜುಟ್ಟು ಹಿಡಿದು ಮುಖವನ್ನ ಗೋಡೆಗೆ ಎರಡು ಸಲ ಚಚ್ಚಿದ. ಎಡಗೈಯನ್ನ ಕಟ್ಟೆ ಮೇಲೆ ಮಂಡಿ ಊರಿ ಹಿಡಿದು, ಕತ್ತರಿ ಮುಚ್ಚಿದ. ಎರಡು ಬೆರಳು ಹೋದವು. ಅಷ್ಟರಲ್ಲಿ ನಮ್ಮಂಗಳದ ಗಂಡಸರು ಓಡಿಹೋಗಿ ಹುಡುಗನನ್ನ ಎಳೆದು ಬಿಡಿಸಿದರು. ಹಳ್ಳದೀಚೆ ನಿಂತು ನಾನು ಎಲ್ಲ ನೋಡಿದೆ. ಹುಡುಗ ಅರಚಿದ, ಆದರೆ "ನಾನಲ್ಲ" ಅನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ.

ಮಾರನೇ ದಿನ ನಾನು ಪೊಲೀಸ್ ಠಾಣೆಗೆ ಹೋಗಿ ಹಾರಿಸಿದ್ದು ನಾನು ಅಂತ ಹೇಳಿದೆ. ಸಾರ್ಜೆಂಟ್ ಕಾಫಿ ತರಿಸಿ ಮುಂದಿಟ್ಟ.

"ಅಜ್ಜಿ, ನಾನು ಇಲ್ಲಿಗೆ ಬಂದು ಆರು ವರ್ಷ ಆಯ್ತು. ಯಾವ ಗುಂಡೇಟು ಆದ್ರೂ ಮಾರನೇ ದಿನ ಒಬ್ಬಳು ಅಜ್ಜಿ ಬಂದು ನಾನೇ ಹೊಡೆದೆ ಅಂತಾಳೆ. ಹೋದ ವರ್ಷ ಬಂದವಳಿಗೆ ಎರಡೂ ಕಣ್ಣು ಕಾಣ್ತಿರಲಿಲ್ಲ."

"ನಾನು ನಿಜ ಹೇಳ್ತಿದೀನಿ ಕಣಯ್ಯಾ."

"ಅವಳೂ ಹಂಗೇ ಅಂದಳು. ಕಾಫಿ ಆರಿಹೋಗತ್ತೆ, ಕುಡೀರಿ."

ನಮ್ಮೂರ ಹೆಂಗಸರು ಸುಳ್ಳು ಹೇಳಿ ಹೇಳಿ ನನ್ನ ನಿಜಕ್ಕೆ ಮೂರು ಕಾಸಿನ ಬೆಲೆ ಇಲ್ಲದ ಹಾಗೆ ಮಾಡಿಟ್ಟಿದ್ದರು. ಹರಿದಿಮೋಸನನ್ನೂ ಪೊಲೀಸರು ಹಿಡೀಲಿಲ್ಲ. ಎರ್ಗೀನಿ ನಾನೇನೂ ನೋಡಿಲ್ಲ ಅಂತ ಬರೆಸಿದ್ದಳು. ಅದು ಕರುಣೆ ಅಂದ್ಕೋಬೇಡಿ. ಹುಡುಗ ಜೈಲಲ್ಲಿದ್ದರೆ ಅವಳ ದೊಡ್ಡ ಮಗನ ಕೈಗೆ ಸಿಗೋದು ಹೇಗೆ?

ಮೂರನೇ ದಿನ ಮೇವಿಗೆ ಬಿಟ್ಟಿದ್ದ ನಮ್ಮ ಮೇಕೆಗಳಲ್ಲಿ ನಲವತ್ತರ ಗಂಟಲು ಸೀಳಿದ್ದರು. ನಾಲ್ಕನೇ ದಿನ ಬೆಳಗ್ಗೆ ನಮ್ಮ ಬಾಗಿಲಿಗೆ ಗುಂಡು ಬಿತ್ತು, ಒಲೆ ಮೇಲಿನ ಪಾತ್ರೆ ತೂತಾಯ್ತು. ವಾರ್ದಿಸ್ ಕಿಟಕಿಗೆ ಹಾಸಿಗೆ ಒಡ್ಡಿ ಬಂದೂಕು ಹಿಡ್ಕೊಂಡು ಕೂತ. "ಹಾರಿಸಿದ್ದು ಅಕ್ಕ ಅಂತ ಹೇಳೋ" ಅಂದರೆ, "ನಾನು ಹೆಂಗಸಿನ ಕೈಗೆ ಪಿಸ್ತೂಲು ಕೊಟ್ಟೆ ಅಂತ ಯಾವ ಬಾಯಲ್ಲಿ ಹೇಳಲಿ" ಅಂದ. ಅವನಿಗೆ ಉಗಿದೆ. ಮುಖಕ್ಕೇ ಉಗಿದೆ. ಒರೆಸ್ಕೊಂಡು ಮತ್ತೆ ಕಿಟಕಿ ಕಡೆ ತಿರುಗಿದ.

ಐದನೇ ದಿನ ನಾನು ಒಬ್ಬಳೇ ಹಳ್ಳ ದಾಟಿ ಮನೂಸೋಸನ ಬಾಗಿಲಿಗೆ ಹೋದೆ. ಒಳಗೆ ಎರ್ಗೀನಿ ಎದೆ ಬಡ್ಕೊಂಡು ಹಾಡಿ ಅಳ್ತಿದ್ದಳು. ಮನೂಸೋಸ್ ಹೊಸ್ತಿಲಲ್ಲೇ ನಿಂತ, ಒಳಗೆ ಬಾ ಅನ್ನಲಿಲ್ಲ.

"ಮನೂಸಣ್ಣ, ಹುಡುಗ ಏನೂ ಮಾಡಿಲ್ಲ. ನಿನ್ನ ಮಗನನ್ನ ಕೊಂದವಳು ನಾನು."

"ಗೊತ್ತು" ಅಂದ.

"ಹೇಗೆ ಗೊತ್ತು?" ಅಂದೆ.

"ಕೆಳಗೆ ತೋಟದಲ್ಲಿದ್ದೆ. ನಿನ್ನ ಕೈ ನೋಡಿದೆ. ನೋಡಿ ಏನು ಮಾಡಲಿ, ರೊದಾಂತಿ? ಯಕೂಮಿಸ್ ಹೋಗಿ ಮುದುಕೀನ ಹೊಡೆದ ಅಂದ್ರೆ ಕಾಫಿ ಅಂಗಡೀಲಿ ಅವನಿಗೆ ಯಾರಾದ್ರೂ ಕುರ್ಚಿ ಕೊಡ್ತಾರಾ? ಸುಮ್ಮನಿದ್ದ ಅಂದ್ರೂ ಕೊಡಲ್ಲ."

"ಅದಕ್ಕೆ ತಪ್ಪು ಮಾಡದವನನ್ನ ಕೊಲ್ತೀರಾ? ನೀನು ಮನುಷ್ಯನಾ?"

ಅವನಿಗೆ ಸಿಟ್ಟು ಬರಲಿಲ್ಲ. ಐದು ದಿನದಲ್ಲಿ ಹತ್ತು ವರ್ಷ ಮುದುಕನಾಗಿದ್ದ. "ನನಗಿನ್ನು ಉಳಿದಿರೋದು ಒಬ್ಬನೇ. ಅವನು ಕೊಲೆಗಾರ ಆಗೋದು ನನಗೂ ಬೇಡ. ನಿನ್ನ ಹುಡುಗ ಊರು ಬಿಟ್ಟು ಹೋಗಲಿ. ಕೊಂದವನು ಅನ್ನೋ ಹೆಸರು ಹೊತ್ಕೊಂಡೇ ಹೋಗಲಿ. ಮತ್ತೆ ಈ ಬೆಟ್ಟ ಹತ್ತಬಾರದು. ನಾನು ಬದುಕಿರೋವರೆಗೆ ನೀನು ಬಾಯಿ ಬಿಡಬಾರದು. ಹುಡುಗ ಇಲ್ಲಿ ಕಾಲಿಟ್ಟ ದಿನ ಯಕೂಮಿಸ್‌ನ ತಡೆಯಕ್ಕೆ ನನ್ನ ಕೈಲಾಗಲ್ಲ."

ಒಪ್ಕೊಂಡೆ. ಬೇರೆ ಏನು ಮಾಡಬೇಕಿತ್ತು, ನೀವೇ ಹೇಳಿ.

ಆದರೆ ಹರಿದಿಮೋಸ್ ಹೋಗಲ್ಲ ಅಂತ ಹಟ ಹಿಡಿದ. ಬಟ್ಟೆ ಸುತ್ತಿದ ಕೈ ಎದೆಗೆ ಆನಿಸ್ಕೊಂಡು ಮೂಲೇಲಿ ಕೂತಿದ್ದ. "ಹೋದ್ರೆ ಕೊಂದು ಓಡಿಹೋದ ಅಂತಾರೆ ಅತ್ತೆ. ನಾನು ಇಲ್ಲೇ ಇರ್ತೀನಿ." ಇನ್ನು ಬರಬೇಡ ಅಂದಿದ್ದರೆ ಸತ್ತರೂ ಕದಲ್ತಿರಲಿಲ್ಲ. ಅದಕ್ಕೆ ಸುಳ್ಳು ಹೇಳಿದೆ. ಅವನಿಗೂ ಹೇಳಿದೆ, ಅವನಪ್ಪನಿಗೂ ಹೇಳಿದೆ. "ಮನೂಸೋಸ್ ರಾಜಿಗೆ ಒಪ್ಪಿದಾನೆ ಕಣೋ. ಹದಿನೈದು ದಿನ ಕಣ್ಣ ಮುಂದೆ ಇರಬೇಡ ಅಂದಿದಾನೆ. ಹೇಗೂ ಟಿಕೆಟ್ ಇದೆ, ನೋಡ್ಕೊಂಡು ಬಾ."

ಅವನ ಮುಖ ಅರಳಿತು. ಆ ಸುಳ್ಳಿಗೆ ಅರಳಿತು. ಬಸ್ ಹತ್ತೋವಾಗ, "ಅತ್ತೆ, ಮರಿ ಹಾಕಿರೋ ಆ ಬಿಳಿ ಮೇಕೆ ಉಳೀತಾ ನೋಡು" ಅಂದ. ಅದರ ಗಂಟಲೂ ಸೀಳಿದ್ದರು. ಹೂಂ ಅಂದೆ.

ಅಲ್ಲಿ ತಲುಪಿದ ಮೇಲೆ ಫೋನಲ್ಲಿ ನಿಜ ಹೇಳೋಣ, ಅಷ್ಟು ದೂರ ಇದ್ದರೆ ಸಿಟ್ಟು ಬಂದ್ರೂ ಜೀವ ಇರತ್ತೆ ಅಂತ ನನ್ನ ಲೆಕ್ಕ. ಒಂಬತ್ತನೇ ದಿನ ಫೋನ್ ಬಂತು. ಊರಿಗೆಲ್ಲ ಒಂದೇ ಫೋನು, ಕಾಫಿ ಅಂಗಡೀಲಿ. ಮನೂಸೋಸನ ಕಡೆಯವರು ನಾಲ್ಕು ಜನ ಇಸ್ಪೀಟು ನಿಲ್ಲಿಸಿ ನನ್ನ ಬೆನ್ನು ನೋಡ್ತಿದ್ದರು.

"ಅತ್ತೆ, ನಿಜವಾಗ್ಲೂ ಮುಳುಗಲ್ಲ. ಅರ್ಧರಾತ್ರಿ ಹನ್ನೆರಡು ಗಂಟೇಲಿ ದಡದಲ್ಲಿ ಕೂತು ಮೀನು ತಿಂದೆ, ನೆರಳು ಬೀಳ್ತಿತ್ತು. ಇಲ್ಲೊಬ್ಬ ಮುದುಕ ನನ್ನ ಕೈ ನೋಡಿ ಏನಾಯ್ತು ಅಂದ. ಕುರಿ ಕತ್ತರಿ ತಗುಲ್ತು ಅಂದೆ. ಪಾಪ, ಅವನ ಕೈಗವಸು ಬಿಚ್ಚಿ ಕೊಟ್ಟ."

ನಗ್ತಿದ್ದ. ಆವತ್ತಿನಿಂದ ಅವನು ನಕ್ಕಿದ್ದು ಅದೇ ಮೊದಲು. ಬರಬೇಡ ಅನ್ನೋ ಒಂದು ಮಾತು, ನಾಲಿಗೆ ತುದೀಲಿತ್ತು. ಹೇಡಿ ನಾನು. ಇನ್ನೊಂದೆರಡು ದಿನ ಖುಷಿಯಾಗಿರಲಿ ಅಂತ ನುಂಗಿದೆ. "ಭಾನುವಾರ ಮತ್ತೆ ಫೋನ್ ಮಾಡು, ಮರೀಬೇಡ, ಒಂದು ಮಾತು ಹೇಳೋದಿದೆ" ಅಂದೆ.

ಶನಿವಾರ ಮಧ್ಯಾಹ್ನ ಚೌಕದಲ್ಲಿ ಬ್ರೆಡ್ ತಗೊಳ್ತಿದ್ದೆ, ಬಸ್ ಬಂತು. ಇಳಿದವನು ಅವನೇ. ಮನೆ ನೆನಪಾಗಿ ಟಿಕೆಟ್ಟಿನ ದಿನ ಬದಲಾಯಿಸ್ಕೊಂಡು ಬಂದುಬಿಟ್ಟಿದ್ದ. ನನ್ನನ್ನ ನೋಡಿ ಮೂರು ಬೆರಳಿನ ಕೈ ಎತ್ತಿದ.

ಕಾಫಿ ಅಂಗಡೀಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸ್ತು. ಯಕೂಮಿಸ್ ಎದ್ದಿದ್ದ. ನಾನು ಬ್ರೆಡ್ ಬಿಸಾಕಿ ಓಡಿದೆ. ಈ ಮಂಡೀಲಿ ಹೇಗೆ ಓಡಿದೆನೋ, ಹುಡುಗನ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತೆ. "ನಾನು ಕಣೋ. ಸ್ತ್ರಾತಿಸನ್ನ ಹೊಡೆದವಳು ನಾನು. ಹೋಗಿ ನಿಮ್ಮಪ್ಪನ್ನ ಕೇಳು. ನನ್ನ ಹೊಡಿ."

"ಅತ್ತೆ, ಏನು ಹೇಳ್ತಿದೀಯ ನೀನು?" ಅಂದ ಹರಿದಿಮೋಸ್ ನನ್ನ ಬೆನ್ನ ಹಿಂದೆ. "ರಾಜಿ ಆಗಿದೆ ಅಂದ್ಯಲ್ಲ."

ಯಕೂಮಿಸ್ ಪಿಸ್ತೂಲು ಹಿಡ್ಕೊಂಡು ಹತ್ತಿರ ಬಂದ. ಹೊಡಿ ಅಂತ ಅವನ ಎದೆಗೆ ಗುದ್ದಿದೆ, ಮುಖ ಪರಚಿದೆ, ಪಿಸ್ತೂಲಿನ ಬಾಯನ್ನ ಹಿಡಿದು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅವನು ಮೆಲ್ಲಗೆ ನನ್ನ ಬೆರಳು ಒಂದೊಂದಾಗಿ ಬಿಡಿಸಿದ. ನೋವಾಗಬಾರದು ಅಂತ, ಆ ಊದಿದ ಗಂಟುಗಳನ್ನ ನೋಡ್ಕೊಂಡು ಬಿಡಿಸಿದ. "ದೊಡ್ಡಮ್ಮ, ಪಕ್ಕಕ್ಕೆ ಬನ್ನಿ, ಬೀಳ್ತೀರ" ಅಂದ. ಸೊಂಟಕ್ಕೆ ಕೈ ಹಾಕಿ ನನ್ನನ್ನ ಎತ್ತಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರಿಸಿ, ಬಿದ್ದಿದ್ದ ನನ್ನ ಚಪ್ಪಲಿಯನ್ನ ಕಾಲ ಹತ್ತಿರ ಸರಿಸಿಟ್ಟ. ಆಮೇಲೆ ತಿರುಗಿ ನನ್ನ ಹುಡುಗನಿಗೆ ಮೂರು ಗುಂಡು ಹೊಡೆದ.