ಹೆಗಲ ಮೇಲೆ ಕಟ್ಟುವ ಫ್ರಾಕು

ಶಾಲೆಗಳು ತೆರೆಯುವ ಕಾಲದಲ್ಲಿ ದರ್ಜಿಗೆ ಸಾಯಲೂ ಪುರುಸೊತ್ತಿರುವುದಿಲ್ಲ. ಸಮವಸ್ತ್ರಗಳ ಆ ಹಾವಳಿ ಮುಗಿಯಿತೆಂದು ಟೈಲರಮ್ಮ ಉಸಿರು ಬಿಡುವಷ್ಟರಲ್ಲಿ ಅವಳ ನಾದಿನಿ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಯ ಮೂಟೆ ಬಿಚ್ಚಿ ಕುಳಿತಳು. ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಇದರಲ್ಲಿ ಹೊಸ ಉಡುಪು ಹೊಲಿದುಕೊಡೋಣವೆಂಬುದು ಅವಳ ಹಟ. ಒಲ್ಲೆನೆನ್ನಲು ಟೈಲರಮ್ಮನಿಗೆ ಬಾಯಿ ಬರಲಿಲ್ಲ. ಒಪ್ಪಿಕೊಂಡ ಮೇಲೆ ಕೆಲಸವನ್ನು ಕಾಟಾಚಾರಕ್ಕೆ ಮುಗಿಸಲು ಕೈ ಬರಲಿಲ್ಲ. ಹಗಲೆಲ್ಲ ಗಿರಾಕಿಗಳ ಬಟ್ಟೆ, ಸಂಜೆ ಮಕ್ಕಳ ಫ್ರಾಕು, ಅಂಗಿ. ಪ್ರತಿಯೊಂದಕ್ಕೂ ಜೋಡಿ ಹೊಲಿಗೆ, ಅಂಚಿನ ಎಳೆ ಬಿಚ್ಚದಂತೆ ಓವರ್‌ಲಾಕ್. ಬಟ್ಟೆ ಹರಿದರೂ ಅವಳ ಹೊಲಿಗೆ ಬಿಡದು ಎಂಬುದು ಬೀದಿಯ ಮಾತು. ಆ ಮಾತನ್ನು ಉಳಿಸಿಕೊಳ್ಳುವುದರಲ್ಲಿಯೇ ಅವಳ ಸೊಂಟ ಸವೆದಿತ್ತು.

ಗಂಟನ್ನು ನಾದಿನಿ ಒಬ್ಬಳೇ ಮಕ್ಕಳ ವಾರ್ಡಿಗೆ ಮುಟ್ಟಿಸಿ ಬಂದಿದ್ದಳು. ವಾರ ಕಳೆಯುತ್ತಲೇ, ಹೊಸ ಬಟ್ಟೆಯಲ್ಲಿ ಮಕ್ಕಳು ಹೇಗೆ ಕಾಣುತ್ತಾರೆಂದು ನೋಡಲು ಅತ್ತಿಗೆಯನ್ನೂ ಹೊರಡಿಸಿದಳು.

"ನೋಡೋಕೇನಿದೆ? ನನ್ನ ಕಾಲು ನೋಡು, ಊದಿ ಕಂಬ ಆಗಿವೆ."

"ಮುಖ ಗಂಟು ಹಾಕ್ಕೊಂಡೇ ಹೊಲಿದ್ರಿ. ಹಾಕ್ಕೊಂಡಿರೋ ಮಕ್ಕಳನ್ನ ನೋಡಿದ್ರೆ ಆ ಗಂಟಾದ್ರೂ ಸಡಿಲ ಆಗುತ್ತೆ. ಏಳಿ ಅತ್ತಿಗೆ."

ಲಿಫ್ಟು ರೋಗಿಗಳಿಗೆ ಮಾತ್ರ. ಮೆಟ್ಟಿಲು ಹತ್ತಿ ವಾರ್ಡಿನ ಬಾಗಿಲಲ್ಲಿ ನಿಂತಾಗ ಟೈಲರಮ್ಮನಿಗೆ ಏದುಸಿರು. ಎದುರುಬದುರು ಎರಡು ಸಾಲು ಮಂಚಗಳು, ಫಿನಾಯಿಲಿನ ವಾಸನೆ. ಎಲ್ಲ ಮಕ್ಕಳ ಮೈಮೇಲೂ ಒಗೆದು ಒಗೆದು ಬಣ್ಣ ಕಳೆದುಕೊಂಡ ಆಸ್ಪತ್ರೆಯ ನಿಲುವಂಗಿ. ಅವಳು ಹೊಲಿದ ಒಂದು ಅಂಗಿಯೂ ಕಣ್ಣಿಗೆ ಬೀಳಲಿಲ್ಲ. ದಾರಿಯುದ್ದಕ್ಕೂ ಅರಳು ಹುರಿದಂತೆ ಮಾತಾಡುತ್ತಿದ್ದ ನಾದಿನಿ ಮಂಚದಿಂದ ಮಂಚಕ್ಕೆ ಕಣ್ಣು ಹಾಯಿಸಿದಳು.

ವಾರ್ಡಿನ ಸಿಸ್ಟರ್ ನಾದಿನಿಯ ಗುರುತು ಹಿಡಿದು ಬಳಿಗೆ ಬಂದು ಕಪಾಟು ತೆರೆದಳು. ಗಂಟು ಅಲ್ಲಿಯೇ ಇತ್ತು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಮಕ್ಕಳಂತೂ ನೋಡಿ ಕುಣಿದಾಡಿಬಿಟ್ರು. ಆದ್ರೆ ಹಾಕೋದು ಹೇಗೆ ಹೇಳಿ? ಕೈಗೆ ಡ್ರಿಪ್, ಪಕ್ಕೆಗೆ ಟ್ಯೂಬು. ತಲೆಯಿಂದ ಇಳಿಸಿ ತೋಳು ತೂರಿಸ್ಬೇಕು ಅಂದ್ರೆ ಎಲ್ಲಾ ಕಿತ್ತುಹಾಕ್ಬೇಕು."

ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ವಯಸ್ಸಿಗೆ ತಕ್ಕ ಅಳತೆ ನೋಡಿ ಟೈಲರಮ್ಮ ಬಟ್ಟೆ ಕತ್ತರಿಸಿದ್ದಳು. ಆ ಅಳತೆ ನೆಟ್ಟಗೆ ನಿಂತು ಎರಡೂ ಕೈ ಚಾಚುವ ಮಕ್ಕಳದ್ದು. ಮೈಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ ಮಗುವಿನ ಅಳತೆ ತೆಗೆಯಿರೆಂದು ಅವಳ ಅಂಗಡಿಗೆ ಯಾರೂ ಬಂದಿರಲಿಲ್ಲ.

"ಹೋಗ್ಲಿ, ಮನೆಗೆ ಹೊರಡೋ ದಿನ ಹಾಕ್ಕೋತಾರೆ ಬಿಡಿ," ಎಂದಳು ಸಿಸ್ಟರ್.

ಅಷ್ಟಕ್ಕೇ ಬಿಟ್ಟಿದ್ದರೆ ಟೈಲರಮ್ಮ ಖುಷಿಯಾಗಿಯೇ ಮೆಟ್ಟಿಲಿಳಿಯುತ್ತಿದ್ದಳು. ಆದರೆ ಸಿಸ್ಟರ್ ಕಿಟಕಿಯ ಪಕ್ಕದ ಮಂಚದತ್ತ ನೋಡಿ ದನಿ ತಗ್ಗಿಸಿದಳು.

"ಇವಳೊಬ್ಬಳಿಗೆ ಮಾತ್ರ ಈಗಲೇ ಬೇಕಿತ್ತು. ಎದೆ ಆಪರೇಷನ್ ಆಗಿದೆ. ಎದ್ದು ಓಡಾಡದೇ ಇದ್ರೆ ಕಫ ಕಟ್ಟುತ್ತೆ, ಮತ್ತೆ ಐಸಿಯುಗೆ ಹಾಕ್ಬೇಕಾಗುತ್ತೆ ಅಂತ ಡಾಕ್ಟ್ರು ಬೆಳಿಗ್ಗೆ ಗದರಿಸಿ ಹೋಗಿದ್ದಾರೆ. ಇವಳು ಮಂಚ ಬಿಟ್ಟು ಇಳೀತಾ ಇಲ್ಲ. ಈ ನಿಲುವಂಗಿ ಹಿಂದುಗಡೆ ತೆರೆದಿರುತ್ತಲ್ಲ, ಮೊನ್ನೆ ಆ ಮೂಲೆ ಹುಡುಗರು ನೋಡಿ ನಕ್ಕುಬಿಟ್ರು."

ಹುಡುಗಿಯನ್ನು ವಾರ್ಡಿನಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡಿದ್ದಳು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ಪಕ್ಕದ ಸ್ಟೂಲಿನಲ್ಲಿ ಅವಳ ಅಜ್ಜಿ ತಲೆಗೆ ಕೈ ಹೊತ್ತು ಕುಳಿತಿದ್ದಳು.

"ದಮ್ಮಯ್ಯ ಅಂದೆ, ಕಾಲಿಗೆ ಬೀಳ್ತೀನಿ ಅಂದೆ. ಶಾಲು ಸುತ್ತಿ ಕರ್ಕೊಂಡು ಹೋಗ್ತೀನಿ ಅಂದ್ರೂ ಕೇಳಲ್ಲ ಕಣಮ್ಮ. ಅವರಪ್ಪಂದೇ ಹಟ, ಅಚ್ಚೊತ್ತಿದ ಹಾಗೆ."

"ಶಾಲು ಜಾರುತ್ತೆ," ಎಂದಿತು ಹೊದಿಕೆಯೊಳಗಿನ ದನಿ.

ಟೈಲರಮ್ಮ ಗಂಟಿನಿಂದ ಹಳದಿ ಫ್ರಾಕೊಂದನ್ನು ಎಳೆದಳು. ಬುಗ್ಗೆ ತೋಳಿನದು, ಇಡೀ ಗಂಟಿನಲ್ಲಿ ಅವಳಿಗೇ ಮೆಚ್ಚುಗೆಯಾದದ್ದು.

"ಸಿಸ್ಟರ್, ಒಂದು ಬ್ಲೇಡು, ಸೂಜಿ ದಾರ, ಒಂದಿಷ್ಟು ಬ್ಯಾಂಡೇಜು ಬಟ್ಟೆ ಕೊಡಿ."

ಮಂಚದ ಅಂಚಿನಲ್ಲಿ ಕುಳಿತು ಹೊಲಿಗೆ ಬಿಚ್ಚತೊಡಗಿದಳು. ಬೇರೆಯವರ ಹೊಲಿಗೆಯಾಗಿದ್ದರೆ ಒಂದೆಳೆ ಹಿಡಿದು ಎಳೆದರೆ ಸರ್ರನೆ ಬರುತ್ತಿತ್ತು. ಇದು ಅವಳದೇ. ಒಂದು ಸಾಲು ಬಿಚ್ಚಿದರೆ ಕೆಳಗೆ ಇನ್ನೊಂದು, ಅದನ್ನೂ ದಾಟಿದರೆ ಓವರ್‌ಲಾಕಿನ ಹೆಣಿಗೆ. ಬೆರಳು ನೋಯತೊಡಗಿತು, ಕಣ್ಣು ಮಂಜಾಯಿತು.

"ಯಾವ ರಾಕ್ಷಸಿ ಹೊಲಿದಳಪ್ಪಾ ಇದನ್ನ!" ಎಂದಳು ನಾದಿನಿ, ಬಿಚ್ಚಿದ ದಾರ ಆರಿಸುತ್ತ. ಆಮೇಲೆ ಗಂಟಿನ ಕಡೆ ನೋಡಿ ಮೆಲ್ಲಗೆ, "ಅತ್ತಿಗೆ, ಹಾಗಾದ್ರೆ ಉಳಿದವನ್ನೂ..." ಎಂದಳು.

"ಇವತ್ತು ಅದರ ಮಾತೆತ್ತಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಹೊದಿಕೆಯಿಂದ ಎರಡು ಕಣ್ಣು ಹೊರಬಂದವು. "ಹೊಸ ಫ್ರಾಕ್ ಯಾಕೆ ಹರೀತಿದೀರಾ?"

"ಹರೀತಿಲ್ಲ. ನಿನಗೆ ಒಳಗೆ ಹೋಗೋಕೆ ಬಾಗಿಲು ಇಡ್ತಿದೀನಿ."

"ಬಾಗಿಲು ತೆರೆದುಕೊಂಡ್ರೆ?"

"ಚಿಲಕಾನೂ ಇಡ್ತೀನಿ, ತಾಯಿ."

ಬುಗ್ಗೆ ತೋಳುಗಳೆರಡೂ ಹೋದವು. ಹೆಗಲಿನ ಹೊಲಿಗೆಗಳೆರಡನ್ನೂ, ಟ್ಯೂಬಿದ್ದ ಪಕ್ಕೆಯ ಕಡೆಯ ಹೊಲಿಗೆಯನ್ನು ಬಗಲಿನಿಂದ ಕೆಳಗಿನ ಅಂಚಿನವರೆಗೂ ಬಿಚ್ಚಿದಳು. ಅಂಚುಗಳನ್ನು ಮಡಚಿ ಕೈಹೊಲಿಗೆ ಹಾಕಿ, ಬ್ಯಾಂಡೇಜು ಬಟ್ಟೆಯನ್ನು ಹೊಸೆದು ಕಟ್ಟುವ ಲಾಡಿಗಳನ್ನು ಕೂಡಿಸಿದಳು. ಬೆನ್ನಿನ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಹೊಲಿಗೆ ವಕ್ರವಾಗಿತ್ತು, ಅಂಗಡಿಯಲ್ಲಾಗಿದ್ದರೆ ಅಂಥ ಕೆಲಸವನ್ನು ಯಾರಿಗೂ ತೋರಿಸದೆ ಮೂಲೆಗೆ ಎಸೆಯುತ್ತಿದ್ದಳು.

ಸಿಸ್ಟರ್ ಮಂಚದ ಸುತ್ತ ಪರದೆ ಎಳೆದಳು. ಫ್ರಾಕನ್ನು ಪಕ್ಕದಿಂದ ಸುತ್ತಿ, ಹೆಗಲ ಮೇಲೆ, ಸೊಂಟದ ಬಳಿ ಲಾಡಿ ಕಟ್ಟಿದರು. ಡ್ರಿಪ್ಪು ಅಲುಗಲಿಲ್ಲ. ಗುಬ್ಬಿ ಬಲಗೈಯನ್ನು ಹಿಂದಕ್ಕೆ ಒಯ್ದು ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿಕೊಂಡಳು.

"ಹಿಂದೆ ಏನಾದ್ರೂ ಕಾಣ್ತಿದೆಯಾ?"

"ನಾನು ಹೊಲಿದದ್ದು ಕಣೇ, ಹೇಗೆ ಕಾಣುತ್ತೆ?"

"ಈಗ ಬಿಚ್ಚಿದ್ದೂ ನೀವೇ ಅಲ್ವಾ?" ಎಂದಳು ಗುಬ್ಬಿ. "ನೀವು ನನ್ನ ಹಿಂದೇನೇ ಬನ್ನಿ. ನೋಡ್ತಾ ಇರಿ."

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಡ್ರಿಪ್ಪಿನ ಸ್ಟ್ಯಾಂಡನ್ನು ಸಿಸ್ಟರ್ ಹಿಡಿದಳು. ಪಕ್ಕೆಯ ಟ್ಯೂಬಿನಿಂದ ಎದೆಯ ನೀರು ಇಳಿಯುವ ಬಾಟಲಿ ಟೈಲರಮ್ಮನ ಕೈಗೆ ಬಂತು. ಅದನ್ನು ಮಗುವಿನ ಎದೆಗಿಂತ ಕೆಳಗೇ ಹಿಡಿಯಬೇಕು ಎಂದು ಸಿಸ್ಟರ್ ಎರಡೆರಡು ಸಲ ಹೇಳಿದಳು. ಗುಬ್ಬಿ ಗೇಣುದ್ದದ ಹುಡುಗಿ. ಟೈಲರಮ್ಮ ಬಿಲ್ಲಿನಂತೆ ಬಾಗಿ ಹೆಜ್ಜೆಯಿಡಬೇಕಾಯಿತು. ಮೂಲೆಯ ಹುಡುಗರು ಆಟ ನಿಲ್ಲಿಸಿ ನೋಡಿದರು. ನಗಲು ಅವರಿಗೇನೂ ಸಿಗಲಿಲ್ಲ. ನಡುವೆ ಗುಬ್ಬಿ ನಿಂತು ಕೆಮ್ಮಿದಳು. ಎದೆ ಕಿತ್ತು ಬರುವಂಥ ಕೆಮ್ಮು, ಕಣ್ಣಲ್ಲಿ ನೀರು. ಸಿಸ್ಟರ್ ಅವಳ ಬೆನ್ನು ನೀವಿ, "ಹಾಂ, ಅದೇ ಬೇಕಾಗಿದ್ದು, ಉಗಿದುಬಿಡು," ಎಂದು ಬಟ್ಟಲು ಹಿಡಿದಳು.

ಬಾಗಿಲವರೆಗೆ ಹೋದರೆ ಸಾಕೆಂದಿದ್ದರು. ಗುಬ್ಬಿ ಬಾಗಿಲು ದಾಟಿದಳು. ಹೊರಗೆ ಉದ್ದನೆಯ ಹಾದಿ. ಅದರ ಕೊನೆಗೊಂದು ಕಿಟಕಿ.

"ಸಾಕಮ್ಮ, ತಿರುಗೋಣ್ವಾ?" ಎಂದಳು ಟೈಲರಮ್ಮ. ಸೊಂಟ ಹಿಡಿದುಕೊಂಡಿತ್ತು.

"ಸುಸ್ತಾಯ್ತಾ ನಿಮಗೆ?"

"ಹೂಂ ಕಣೇ. ತುಂಬಾ."

"ನನಗೂ," ಎಂದಳು ಗುಬ್ಬಿ. ಗೋಡೆಗೆ ಕೈ ಕೊಟ್ಟು ಒಂದಿಷ್ಟು ಉಸಿರು ಎಳೆದುಕೊಂಡು, ಕಿಟಕಿಯ ಕಡೆಗೇ ಇನ್ನೊಂದು ಹೆಜ್ಜೆಯಿಟ್ಟಳು. ಟೈಲರಮ್ಮ ಬಾಟಲಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, ಬಾಗಿಯೇ ಹಿಂಬಾಲಿಸಿದಳು.