ಅಕ್ಕಿಕಾಳಿನ ನಕಲಿ ಚೈನು

ನಾನು ಒಂದು ವಾಚಿನ ಚೈನು. ವಾಚಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟಿಕ್‌ಟಿಕ್ ಎಂದು ಸದ್ದು ಮಾಡುವವನು, ಎಲ್ಲರೂ ಮುಖ ನೋಡುವವನು, ಸ್ವಿಟ್ಜರ್ಲೆಂಡಿನಿಂದ ಬಂದವನು ಅವನು. ನಾನು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ. ಅವನನ್ನು ಮೂವತ್ತೇಳು ವರ್ಷ ಬೀಳದಂತೆ ಹಿಡಿದುಕೊಂಡಿದ್ದು ನಾನು, ಹೊಗಳಿಸಿಕೊಂಡಿದ್ದು ಅವನು. ಇರಲಿ, ಆ ಹೊಟ್ಟೆಕಿಚ್ಚು ಈಗ ಹಳೆಯದಾಯಿತು.

ನನ್ನನ್ನು ಮಾಡಿದವನು ಲೋಹದ ಅಚ್ಚು ಕೆಲಸದ ಮೌನೇಶಪ್ಪ ಪತ್ತಾರ. ೧೯೮೬ರ ಶ್ರಾವಣದಲ್ಲಿ ಅವನ ಶೆಡ್ಡಿಗೆ ವಾಮನರಾವ ಜಮಖಂಡಿ ಎಂಬ ರೈಲ್ವೆ ಗಾರ್ಡು ಬಂದರು. ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಬಲಗೈಯಲ್ಲಿ ಕರವಸ್ತ್ರದ ಗಂಟು. ಗಂಟಿನೊಳಗೆ ಒಂದು ಹಳೆಯ ವಾಚು, ಅದಕ್ಕೆ ಅಂಟಿಕೊಂಡಿದ್ದ ಅರ್ಧ ಚೈನು. ಸಾಲುಸಾಲಾಗಿ ಅಕ್ಕಿಕಾಳು ಜೋಡಿಸಿದಂತಿದ್ದ, ಈಗ ಎಲ್ಲೂ ಸಿಗದ ಹಳೆಯ ಕಾಲದ ಚೈನು ಅದು.

"ಇನ್ನರ್ಧ ಎಲ್ಲೈತ್ರಿ?" ಎಂದ ಮೌನೇಶಪ್ಪ.

"ಹೋತು. ಕ್ಯಾಸಲ್ ರಾಕ್ ಘಟ್ಟದಾಗ ಹಸಿರು ನಿಶಾನಿ ತೋರಸ್ಲಿಕ್ಕೆ ಹೊರಗ ಬಾಗಿದ್ದೆ. ಗಾಳಿಗೆ ಗಾಡಿ ಹಿಂದಿನ ಬ್ರೇಕ್‌ವ್ಯಾನಿನ ಬಾಗಲಾ ಬಡದು ಕೈ ಸಿಕ್ಕೊಂಡ್ತು. ಅರ್ಧ ಚೈನು, ಲಾಕು, ಎಲ್ಲಾ ಚೂರಾಗಿ ಕಣಿವಿಗೆ ಬಿತ್ತು."

"ಕೈ ಉಳೀತಲ್ರಿ, ಅಷ್ಟ ಸಾಕು."

"ಕೈ ಮಾತು ಬಿಡೋ ಮಾರಾಯ. ನನ್ನ ಹೆಂಡತಿಗೆ ಗೊತ್ತಾಗಬಾರದು."

ಗೊತ್ತಾಗಬಾರದು ಎನ್ನಲು ಕಾರಣವಿತ್ತು. ಆ ವಾಚು ಅವರ ಮಾವನದು. ಧಾರವಾಡದಲ್ಲಿ ಮಾಸ್ತರರಾಗಿದ್ದ ಆ ಮಾವ ಮದುವೆಯ ಮಂಟಪದಲ್ಲಿ ತಮ್ಮ ಕೈಯಿಂದಲೇ ಬಿಚ್ಚಿ ಅಳಿಯನ ಕೈಗೆ ಕಟ್ಟಿದ್ದರು. ಮುಂದಿನ ತಿಂಗಳೇ ತೀರಿಕೊಂಡರು. ಮಗಳು ಇಂದಿರಾಬಾಯಿಗೆ ಅಪ್ಪನ ಕೊನೆಯ ನೆನಪೆಂದರೆ ಅದೊಂದೇ.

ಹಳೆಯ ಅರ್ಧಕ್ಕೆ ಹೊಸ ಅರ್ಧ ಜೋಡಿಸಿದರೆ ಬಣ್ಣ ಕೂಡುವುದಿಲ್ಲ ಎಂದು ಮೌನೇಶಪ್ಪ ಇಡೀ ಚೈನನ್ನೇ ಹೊಸದಾಗಿ ಮಾಡಲು ಕುಳಿತ. ಕಾಳಿನ ಒಳಗೆ ಏನಿದೆ ಎಂದು ತಿಳಿಯಲು ಹಳೆಯ ಅರ್ಧವನ್ನು ಸೀಳಿ ನೋಡಿದ. ಅದು ಮತ್ತೆ ಕೂಡಲಿಲ್ಲ. ಹಾಗೆ ನನ್ನ ಹುಟ್ಟಿನಲ್ಲೇ ಒಂದು ಸಾವಾಯಿತು. ಹದಿನೇಳು ದಿನ ಅವನು ಉಕ್ಕಿನ ತಗಡನ್ನು ಕಾಳಿನಾಕಾರಕ್ಕೆ ಒತ್ತಿ, ಮಡಚಿ, ಉಜ್ಜಿ, ನನ್ನನ್ನು ಎತ್ತಿ ಹಿಡಿದು, "ಕಂಪನಿಯವರಿಗೂ ಗೊತ್ತಾಗೂದಿಲ್ಲ" ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡ.

ಒಂದು ತಪ್ಪು ಮಾತ್ರ ಮಾಡಿದ್ದ. ಅಸಲಿ ಚೈನಿನ ಎರಡು ಅರ್ಧಗಳು ಸಮ ಇರುವುದಿಲ್ಲ. ಕೆಳಗಿನದು ಮೋಟು, ಮೇಲಿನದು ಉದ್ದ. ಹಾಗಿದ್ದರೇ ಲಾಕು ಮಣಿಕಟ್ಟಿನ ಅಡಿಯಲ್ಲಿ ನಟ್ಟನಡುವೆ ಕೂರುವುದು. ಮೌನೇಶಪ್ಪ ನೋಡಿದ್ದು ಮೇಲಿನ ಅರ್ಧ ಮಾತ್ರ. ಅದರಂತೆಯೇ ಕೆಳಗಿನದನ್ನೂ ಮಾಡಿದ. ಹೀಗಾಗಿ ನನ್ನ ಲಾಕು ಎಂದೂ ನಡುವೆ ಕೂರಲಿಲ್ಲ. ಜಾರಿ ಕಿರುಬೆರಳಿನ ಕಡೆಯ ಎಲುಬಿನ ಮೇಲೆ ಕೂತಿತು.

ಮನೆಗೆ ಹೋದ ದಿನ ಇಂದಿರಾಬಾಯಿ ನನ್ನನ್ನು ಹೆಬ್ಬೆರಳಿನಿಂದ ಸವರಿದರು. ನನ್ನ ಎದೆ ಡವಡವ ಅಂದಿತು. ಚೈನಿಗೆ ಎಲ್ಲಿಯ ಎದೆ ಎಂದು ಕೇಳಬೇಡಿ, ಆ ದಿನ ಇತ್ತು.

"ಹೊಳಪು ಬಂದದಲ್ಲ, ತೊಳಸಿದ್ರೇನು?" ಎಂದರು.

"ಹೂಂ," ಎಂದರು ವಾಮನರಾವ. ಊದಿದ ಕೈಗೆ ಪ್ಲಾಟ್‌ಫಾರ್ಮಿನಲ್ಲಿ ಜಾರಿ ಬಿದ್ದೆ ಎಂಬ ನೆಪ ಸಿದ್ಧವಾಗಿತ್ತು.

ಆಮೇಲೆ ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಆಕೆ ವಾಚನ್ನು ಮಣೆಯ ಮೇಲಿಟ್ಟು ನನಗೆ ಕುಂಕುಮ ಹಚ್ಚುತ್ತಿದ್ದರು. ವಾಚಿಗಲ್ಲ, ಗಾಜು ಕೆಡುತ್ತದೆಂದು ನನಗೇ. "ನಮ್ಮಪ್ಪನ ಕೈಯಾಗಿದ್ದದ್ದು," ಎಂದು ಮೊದಲು ಮಗನಿಗೆ, ಆಮೇಲೆ ಮೊಮ್ಮಗಳಿಗೆ ಹೇಳುತ್ತಿದ್ದರು. ಅವರ ಅಪ್ಪನ ಕೈಯನ್ನು ನಾನು ಕಂಡೇ ಇರಲಿಲ್ಲ. ಆ ಹೊತ್ತಿನಲ್ಲಿ ವಾಮನರಾಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಇಬ್ಬರು ಕಳ್ಳರಂತೆ ನಾವು ವರ್ಷಕ್ಕೊಮ್ಮೆ ಆ ಕುಂಕುಮಕ್ಕೆ ಹೆದರುತ್ತಿದ್ದೆವು.

ಉಳಿದ ದಿನಗಳಲ್ಲಿ ನಾನು ಸುಖವಾಗಿದ್ದೆ, ಸುಳ್ಳೇಕೆ ಹೇಳಲಿ. ಲೋಂಡಾ, ಗದಗ, ಹೊಸಪೇಟೆ ಎಂದು ಊರೂರು ಸುತ್ತಿದೆ. ನಿಶಾನಿ ಬೀಸುವಾಗ ಅವರ ನಾಡಿ ನನ್ನ ಪಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು. ಬೆವರು, ಹೊಗೆ, ಸೋಪಿನ ನೊರೆ ನನ್ನ ಸಂದುಗಳಲ್ಲಿ ತುಂಬಿದವು. ರಾಯರು ನಿವೃತ್ತರಾದರು, ನಾನು ಆಗಲಿಲ್ಲ. ಅಸಲಿ ಚೈನು ಆ ಕೈಯಲ್ಲಿದ್ದದ್ದು ಒಂಬತ್ತೇ ವರ್ಷ. ಈ ಲೆಕ್ಕವನ್ನು ನಾನು ಆಗಾಗ ನೆನೆಸಿಕೊಂಡು ಸಮಾಧಾನ ಪಡುತ್ತಿದ್ದೆ.

ಕಳೆದ ವರ್ಷ ಮೊಮ್ಮಗಳು ಮಧುರಾಳ ಮದುವೆ ಗೊತ್ತಾಯಿತು. ಮಾವ ಅಳಿಯನಿಗೆ ವಾಚು ಕಟ್ಟುವ ಪದ್ಧತಿ. ಈ ವಾಚನ್ನೇ ಕಟ್ಟಬೇಕೆಂದು ಇಂದಿರಾಬಾಯಿ ಪಟ್ಟು ಹಿಡಿದರು. ಸ್ವಚ್ಛ ಮಾಡಿಸಲು ವಾಮನರಾಯರು ದುರ್ಗದಬೈಲು ಪೇಟೆಯ ಸರೋಜಾಬಾಯಿ ಬದ್ದಿಯ ಬಳಿ ಬಂದರು. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷದಿಂದ ಆಕೆ ಅವರ ವಾಚು ರಿಪೇರಿ ಟೇಬಲ್ಲನ್ನು ನಡೆಸುತ್ತಿದ್ದಾರೆ. ಸ್ವಂತ ಅಂಗಡಿಯಲ್ಲ. ಜವಳಿ ಅಂಗಡಿಯ ಸೇಠರು ಬಾಗಿಲ ಪಕ್ಕದಲ್ಲಿ ಕೊಟ್ಟ ಮೂರಡಿ ಜಾಗ.

"ವಾಚಷ್ಟ ನೋಡ್ರಿ. ಚೈನಿಗೆ ಕೈ ಹಚ್ಚಬ್ಯಾಡ್ರಿ," ಎಂದರು ರಾಯರು.

ಅವರು ಹೋದ ಮೇಲೆ ಸರೋಜಾಬಾಯಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಮೇಲೆ ಬಾಗಿದರು. ಅಂಥ ಕಣ್ಣು ನನ್ನ ಮೇಲೆ ಅದುವರೆಗೆ ಬಿದ್ದಿರಲಿಲ್ಲ. ಅಡ್ಡಲಾಗಿ ಹಿಡಿದು ಎಷ್ಟು ಜೋತು ಬೀಳುತ್ತೇನೆಂದು ನೋಡಿದರು. ಉಗುರಿನಿಂದ ಕಾಳುಗಳ ಅಂಚು ಸವರಿದರು. ಲಾಕನ್ನು ಬಿಚ್ಚಿ ಮುಚ್ಚಿ ಅದರ ಸದ್ದು ಕೇಳಿದರು. ಎರಡು ಅರ್ಧಗಳ ಸಾಲು ಎಣಿಸಿದರು. ಮತ್ತೆ ಎಣಿಸಿದರು. ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡೆ. ಆಕೆ ಮಾತ್ರ ಸಣ್ಣಗೆ ನಕ್ಕು, "ಛಲೋ ಕೈ ಮಾಡೈತಿ," ಎಂದು ನನ್ನನ್ನು ಪಕ್ಕಕ್ಕಿಟ್ಟರು. ಮೂರನೆಯ ದಿನ ರಾಯರಿಗೆ ಏನೂ ಹೇಳದೆ ಮರಳಿ ಕೊಟ್ಟರು.

ನಿಶ್ಚಯದ ದಿನ ವಾಚು ಬೀಗರ ಹುಡುಗನ ಕೈಗೆ ಹೋಯಿತು. ಬೆಳಗಾವಿಯ ಆ ಹುಡುಗನಿಗೆ ಹಳೆಯ ವಾಚುಗಳ ಹುಚ್ಚು. ಎರಡು ದಿನ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಮಾವನಾಗುವವನಿಗೆ, ಅಂದರೆ ರಾಯರ ಮಗ ಪ್ರಹ್ಲಾದನಿಗೆ, ಫೋನು ಮಾಡಿದ. ವಾಚು ಖರೆ, ಚೈನು ನಕಲಿ. ಇಂಥವು ಈಗ ರಾಶಿರಾಶಿ ಸಿಗುತ್ತವೆ, ಮರಳಿನಲ್ಲಿ ಉರುಳಿಸಿ ಹಳೆಯದು ಮಾಡಿರುತ್ತಾರೆ, ರಿಪೇರಿಗೆ ಕೊಟ್ಟಲ್ಲಿ ಯಾರೋ ಬದಲಿಸಿರಬೇಕು ಎಂದ. ಪ್ರಹ್ಲಾದ ಕಾಲೇಜಿನಲ್ಲಿ ಪಾಠ ಹೇಳುವವನು, ಸಿಟ್ಟು ಮೂಗಿನ ತುದಿಯಲ್ಲೇ. ಬೀಗರ ಮುಂದೆ ಮಾನ ಹೋಯಿತೆಂದು ವಾಚನ್ನು ವಾಪಸು ತರಿಸಿ, ಅಪ್ಪ ಅವ್ವ ಇಬ್ಬರನ್ನೂ ಕರೆದುಕೊಂಡು ನೇರವಾಗಿ ದುರ್ಗದಬೈಲಿಗೆ ಬಂದ.

ಹನ್ನೊಂದು ಗಂಟೆ. ಜವಳಿ ಅಂಗಡಿ ತುಂಬ ಜನ. ನನ್ನನ್ನು ಟೇಬಲ್ಲಿನ ಗಾಜಿನ ಮೇಲೆ ಎಸೆದು ಪ್ರಹ್ಲಾದ ಕೇಳಿದ, "ನಮ್ಮ ಅಜ್ಜನ ಚೈನು ಎಲ್ಲೆ?"

"ಇದ ನೋಡ್ರಿ, ನಿಮ್ಮಪ್ಪಾರು ಕೊಟ್ಟದ್ದು," ಎಂದರು ಸರೋಜಾಬಾಯಿ.

"ಇದು ನಕಲಿ."

"ಹೌದ್ರಿ, ನಕಲಿ."

"ಗೊತ್ತಿತ್ತೇನು? ಹಂಗಾರ ಅವತ್ತ ಯಾಕ ಹೇಳಲಿಲ್ಲ?"

"ಕೈಯಾಗ ಕಟ್ಟಿಕೊಂಡು ಬಂದವರಿಗೆ ನಿಮ್ಮದು ನಕಲಿ ಅಂತ ಕೇಳದ ಹೇಳೂದಿಲ್ರಿ. ನಮ್ಮ ಯಜಮಾನ್ರೂ ಹೇಳ್ತಿದ್ದಿಲ್ಲ. ಯಾರ ಮನಿಯಾಗ ಏನಿರತೈತೋ."

ಆ ಮರ್ಯಾದೆಯೇ ಆಕೆಯ ಕುತ್ತಿಗೆಗೆ ಬಂತು. ಸೀರೆ ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು. "ಕಳವು ಮಾಡಿ ಮ್ಯಾಲೆ ಮರ್ಯಾದಿ ಮಾತು!" ಎಂದ ಪ್ರಹ್ಲಾದ. ಒಳಗಿನಿಂದ ಸೇಠರು ಎದ್ದು ಬಂದರು. "ಸರೋಜಾಬಾಯಿ, ಇದು ಖರೆ ಇದ್ರ ಇವತ್ತ ಟೇಬಲ್ ಎತ್ತಬೇಕಾಗ್ತದ," ಎಂದರು.

ಸರೋಜಾಬಾಯಿ ಅಳಲಿಲ್ಲ, ಕೂಗಲಿಲ್ಲ. ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಒಂದು ಪಿನ್ನು ಹೊರಗೆ ತೆಗೆದರು. ನೋವಾಯಿತು.

"ನೋಡ್ರಿ ಸರ, ಮರಳಿನಾಗ ಉರುಳಿಸಿದ್ರ ಹೊರಗಿಂದಷ್ಟ ಸವೀತೈತಿ, ಒಳಗಿನ ಪಿನ್ನು ಗುಂಡಗ ಉಳೀತೈತಿ. ಇದು ನಡುವ ಸವದು ದಾರಾ ಆಗೈತಿ. ಮೂವತ್ತು ವರ್ಷ ಕೈಯಾಗ ಇರದ ಹಿಂಗ ಆಗೂದಿಲ್ಲ. ನನ್ನ ಹಂತೇಕ ಇದ್ದದ್ದು ಮೂರ ದಿನ."

"ಯಾರದೋ ಹಳೇ ನಕಲಿ ಹಾಕೀರಿ, ಅಷ್ಟ."

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಬಾಯಿ ಇರಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ರಾಯರ ಬಳಿ ಎರಡೂ ಇದ್ದವು. ಅವರು ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಮುಚ್ಚಿಕೊಂಡು ನೆಲ ನೋಡುತ್ತಿದ್ದರು. ಮೂವತ್ತೇಳು ವರ್ಷ ಅವರ ನಾಡಿಗೆ ಅಂಟಿಕೊಂಡಿದ್ದ ನನಗೆ ಆ ಹೊತ್ತು ಅವರ ಮೇಲೆ ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ.

ಸರೋಜಾಬಾಯಿ ನನ್ನ ಸಮ ಅರ್ಧಗಳನ್ನು ನೋಡಿದರು, ಪಕ್ಕಕ್ಕೆ ಸರಿದ ಲಾಕನ್ನು ನೋಡಿದರು, ಆಮೇಲೆ ರಾಯರ ಮುಚ್ಚಿದ ಕೈ ನೋಡಿದರು. ಅವರ ಮುಖ ಬದಲಾಯಿತು.

"ಸರ, ಈ ಚೈನಿನ ಲಾಕು ನಡುವ ಕೂಡೂದಿಲ್ಲ. ಎಲುಬಿನ ಮ್ಯಾಲೆ ಕೂಡತೈತಿ. ಯಾರು ಕಟ್ಟಿಕೊಂಡಾರೋ ಅವರ ಕಿರುಬೆರಳಿನ ಕಡಿ ಎಲುಬಿನ ಮ್ಯಾಲೆ ಜಡ್ಡುಗಟ್ಟಿ ಕಪ್ಪಾಗಿರಬೇಕು." ಆಮೇಲೆ ದನಿ ಇಳಿಸಿ, "ರಾಯರ, ಒಂದೀಟು ಎಡಗೈ ತೋರಸ್ರಿ," ಎಂದರು.

ರಾಯರು ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಇಂದಿರಾಬಾಯಿ ನಿಂತಿದ್ದರು.

"ನಾ ನಿಮ್ಮ ಕೈ ಹಿಡದು ತೆಗಿಯಾಕಿ ಅಲ್ಲ. ನೀವ ತೆಗೀಬೇಕು," ಎಂದರು ಸರೋಜಾಬಾಯಿ. ಆಮೇಲೆ ಚಿಮಟಾ, ಸಣ್ಣ ಸ್ಕ್ರೂಡ್ರೈವರುಗಳು, ಎಣ್ಣೆ ಬಾಟಲಿ ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. ಗಂಡನ ಕಾಲದ ದೀಪದ ವೈರು ಕಿತ್ತು ಸುತ್ತಿದರು. ಡಬ್ಬಿಯ ಮುಚ್ಚಳ ಒತ್ತಿದರು.

ಆಗ ರಾಯರು ಬಲಗೈ ಎತ್ತಿದರು. ಎಲುಬಿನ ಮೇಲೆ ಕೂದಲಿಲ್ಲದ, ಹುಣಸೆಬೀಜದಷ್ಟು ಕಪ್ಪು ಜಡ್ಡು.

"ಚೈನು ನಾ ಕಳದೆ. ಎಂಬತ್ತಾರರಾಗ. ಇದನ್ನ ನಾನ ಮಾಡಿಸೀನಿ. ಈ ಬಾಯಿದು ಏನೂ ತಪ್ಪಿಲ್ಲ."

ಇಂದಿರಾಬಾಯಿ ಗಂಡನ ಎದುರು ಬಂದು ನಿಂತರು.

"ಕಳದದ್ದು ಕಳೀತು. ಅದಕ್ಕ ನಾ ಏನಂತಿದ್ದೆ, ಎರಡು ದಿನ ಅಳ್ತಿದ್ದೆ. ಒಬ್ಬ ಹೆಣಮಗಳು ಕಳ್ಳಿ ಅನಿಸಿಕೊಂಡು ಗಂಟು ಕಟ್ಟೂತನಾ ಸುಮ್ಮನ ಕೂತ್ರಲ್ಲ!" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಾಕ ಮಂದಿ ಮುಂದ ಅಂದೀ. ನಾಕ ಮಂದಿ ಮುಂದನ ತಪ್ಪಾತು ಅನ್ನು," ಎಂದರು. ಪ್ರಹ್ಲಾದ ಅಂದ, ಎಲ್ಲರಿಗೂ ಕೇಳುವಂತೆ. ಸೇಠರು ತಾವೇ ದೀಪದ ವೈರು ಸಿಕ್ಕಿಸಿದರು.

ಎಲ್ಲ ಮುಗಿಯಿತು ಎನ್ನುವಾಗ ಇಂದಿರಾಬಾಯಿ ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡರು. "ಇದರಾಗ ನಮ್ಮಪ್ಪನ ಚೈನಿಂದು ಏನೂ ಇಲ್ಲೇನು?" ಎಂದು ಸರೋಜಾಬಾಯಿಯನ್ನು ಕೇಳಿದರು.

"ಇಲ್ರಿ."

"ಒಂದು ಕಾಳೂ?"

ಒಂದಿದೆ ಎಂದು ಹೇಳಲಿ ಎಂದು ನಾನು ಬೇಡಿಕೊಂಡೆ. ಒಂದೇ ಒಂದು ಸುಳ್ಳು.

"ಒಂದೂ ಇಲ್ರಿ ಬಾಯಾರ," ಎಂದರು ಸರೋಜಾಬಾಯಿ.

ಇಂದಿರಾಬಾಯಿ ನನ್ನನ್ನು ಗಾಜಿನ ಮೇಲಿಟ್ಟು, ಗಂಡನಿಗೆ ಕಾಯದೆ ಮೆಟ್ಟಿಲಿಳಿದು ಹೋದರು.

ವಾಚು ಚರ್ಮದ ಬೆಲ್ಟು ಹಾಕಿಕೊಂಡು ಬೆಳಗಾವಿಗೆ ಹೋಯಿತು. ನಾನು ಸರೋಜಾಬಾಯಿಯ ಡ್ರಾಯರಿನಲ್ಲಿ, ಮುರಿದ ಮುಳ್ಳುಗಳು, ಗುರುತು ಹತ್ತದ ಕೀಲಿಗಳ ನಡುವೆ ಉಳಿದೆ. ತಿಂಗಳ ಮೇಲೆ ರಾಯರು ಒಬ್ಬರೇ ಬಂದು ನನ್ನನ್ನು ಕೇಳಿದರು. ಘಟ್ಟದ ಕಥೆಯನ್ನೆಲ್ಲ ಆಕೆಗೆ ಹೇಳಿದರು. ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ ಎಂದರು. ಸರೋಜಾಬಾಯಿ, "ಬಾಯಾರು ತಗೋ ಅಂದ್ರ ಕೊಡ್ತೀನ್ರಿ, ಇಲ್ಲಂದ್ರ ಇಲ್ಲ," ಎಂದು ಡ್ರಾಯರು ಮುಚ್ಚಿದರು. ಅವರು ಮತ್ತೆ ಬರಲಿಲ್ಲ. ಒಂಟಿಯಾಗಿ ಬಿದ್ದಿರುವಾಗ ಯೋಚನೆ ಮಾಡಲು ಬೇಕಾದಷ್ಟು ಹೊತ್ತು. ಮೌನೇಶಪ್ಪನ ಕೈಯಲ್ಲಿ ತಪ್ಪಿಲ್ಲ, ನನ್ನ ಉಕ್ಕಿನಲ್ಲಿ ತಪ್ಪಿಲ್ಲ. ಆದರೂ ಬೇರೆಯವರ ಹೆಸರಿನಲ್ಲಿ ಅಷ್ಟು ಪ್ರೀತಿ ಉಂಡ ಮೇಲೆ ನೆಮ್ಮದಿಯಾಗಿ ಮಲಗುವುದು ಕಷ್ಟ.

ಇಂದು ಡ್ರಾಯರು ತೆರೆಯಿತು. ಗಾಜಿನಾಚೆ ಇಂದಿರಾಬಾಯಿ, ಒಬ್ಬರೇ.

"ಹೆಂಗ ಹರೀತಂತ ಅದು? ನಿಮಗರೆ ಹೇಳ್ಯಾರೇನು?" ಎಂದರು.

ಸರೋಜಾಬಾಯಿ ಹೇಳಿದರು. ಬ್ರೇಕ್‌ವ್ಯಾನಿನ ಬಾಗಿಲು ಬಡಿದದ್ದು, ಕೈ ಸಿಕ್ಕಿಕೊಂಡದ್ದು, ಊದಿದ ಕೈಯಲ್ಲೇ ಹೊಸ ಚೈನು ಮಾಡಿಸಲು ಓಡಿದ್ದು.

"ಕೈ?" ಇಂದಿರಾಬಾಯಿ ಟೇಬಲ್ಲಿನ ಅಂಚು ಹಿಡಿದುಕೊಂಡರು. "ಪ್ಲಾಟ್‌ಫಾರ್ಮಿನಾಗ ಜಾರಿ ಬಿದ್ದೆ ಅಂದಿದ್ರು. ಕೈನ ಹೋಗ್ತಿತ್ತಲ್ಲ! ಮನಶಾನ ಹೋಗ್ತಿದ್ನಲ್ಲ!"

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದರು. "ಕೊಡ್ರಿ ಇಲ್ಲೆ ಅದನ್ನ. ಮನಿಗೆ ಹೋಗಿ ಕೇಳ್ತೀನಿ ಅವರನ್ನ. ಚೈನಿನ ಚಿಂತಿ ಮಾಡಿದ್ರಂತ, ಕೈಯ ಚಿಂತಿ ಮಾಡಲಿಲ್ಲಂತ!"

ಈಗ ನಾನು ಅವರ ಮುಷ್ಟಿಯಲ್ಲಿದ್ದೇನೆ. ಪರ್ಸಿನಲ್ಲಿ ಹಾಕಿಕೊಂಡಿಲ್ಲ. ಆಟೋದವನು ಎರಡು ಸಲ ಎಲ್ಲಿಗೆ ಎಂದು ಕೇಳಿದ, ಆಕೆಗೆ ಕೇಳಿಸಿಲ್ಲ. ಎಂಟು ತಿಂಗಳಿನಿಂದ ಗಂಡನಿಗೆ ಹೇಳದೆ ಉಳಿದ ಮಾತುಗಳನ್ನೆಲ್ಲ ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದಾರೆ.