ಬಿಸಿ ತುದಿ

"ಎತ್ತೇ ತುದಿನ! ಇಲ್ಲೇ ಹೆರ್ತೀಯೇನೇ, ದರಿದ್ರದವಳೇ? ಹೆರೋಕೂ ಯೋಗ್ಯತೆ ಬೇಕು!"

ಮೇಸ್ತ್ರಿಯ ಕೂಗು ಯಂತ್ರದ ಸದ್ದನ್ನೂ ಮೀರಿ ಬಂತು. ಶೀಟಿನ ನನ್ನ ತುದಿ ನನ್ನ ಕೈಯಲ್ಲೇ ಇತ್ತು. ಗುಬ್ಬಿಯ ತುದಿ ನೆಲದ ಮೇಲಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು.

ಗುಬ್ಬಿ ನನ್ನ ಗಂಡನ ತಂಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ಈ ಲಾಂಡ್ರಿಯಲ್ಲಿ ನಾವಿಬ್ಬರೂ ಒಂದು ಜೋಡಿ. ಒದ್ದೆ ಶೀಟು ಕಾದ ಉರುಳೆಗಳ ನಡುವೆ ನುಗ್ಗಿ, ಈಚೆ ಬರುವಾಗ ಚುರ್ ಎನ್ನುವಷ್ಟು ಬಿಸಿಯಾಗಿರುತ್ತದೆ. ಇಬ್ಬರು ಎರಡು ತುದಿ ಹಿಡಿದು, ಜಗ್ಗಿ, ಹತ್ತಿರ ಬಂದು ಮಡಿಸಬೇಕು. ಒಬ್ಬಳ ಕೈ ಬಿಟ್ಟರೂ ಶೀಟು ನೆಲಕ್ಕೆ. ನೆಲ ಮುಟ್ಟಿದ್ದು ಮತ್ತೆ ಒಗೆತಕ್ಕೆ.

ಮೇಸ್ತ್ರಿ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ಒತ್ತಿದ.

"ನುಂಗು. ನೋವು ಗೀವು ಎಲ್ಲಾ ಮಂಗಮಾಯ."

"ಬೇಡ ಸಾರ್. ಡಾಕ್ಟರಮ್ಮ ಕೊಟ್ಟಿದ್ದು ತಗೊಂಡಿದೀನಿ. ಸ್ವಲ್ಪ ಹೊತ್ತಿಗೆ ಇಳಿಯುತ್ತೆ."

"ಸ್ವಲ್ಪ ಹೊತ್ತು ನಿಮ್ಮಪ್ಪನ ಮನೇದಾ?"

ಆ ಮಾತ್ರೆ ಏನೆಂದು ನಮಗೆ ಗೊತ್ತು. ನಮ್ಮ ಜೊತೆ ಉರುಳೆಗೆ ಶೀಟು ತುಂಬುತ್ತಿದ್ದ ಉದ್ದಕ್ಕನಿಗೆ ಸೊಂಟನೋವಿತ್ತು. ಮೊದಮೊದಲು ಮೇಸ್ತ್ರಿಯೇ ಕರೆದು ಕೊಟ್ಟ. ಆಮೇಲೆ ಅವಳೇ ಅವನನ್ನು ಹುಡುಕಿಕೊಂಡು ಹೋಗತೊಡಗಿದಳು. ನಿಂತಲ್ಲೇ ತೂಕಡಿಸುತ್ತಿದ್ದಳು. ಒಂದು ದಿನ ಶೀಟಿನ ಜೊತೆ ಅವಳ ಕೈಯೂ ಉರುಳೆಗಳ ನಡುವೆ ಹೋಯಿತು. ಯಂತ್ರದ ಸ್ವಿಚ್ಚು ಮೇಸ್ತ್ರಿಯ ಗಾಜಿನ ಕೋಣೆಯಲ್ಲಿ. ಹೆಂಗಸರು ನೆಪ ಮಾಡಿ ನಿಲ್ಲಿಸುತ್ತಾರೆಂದು ಅದಕ್ಕೆ ಬೀಗ. ನಾವು ಬಾಯಿ ಬಡಿದುಕೊಂಡೆವು. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದವನು ಲೋಟ ಖಾಲಿ ಮಾಡಿ, ನಡೆದುಕೊಂಡು ಹೋಗಿ ಬೀಗ ತೆಗೆದ.

ಈಗ ಉದ್ದಕ್ಕ ಗೇಟಿನ ಹೊರಗೆ ಕೂತಿರುತ್ತಾಳೆ. ಹೋದ ಕೈಗೆ ನ್ಯಾಯ ಕೇಳುವುದಕ್ಕಲ್ಲ. "ಒಂದೇ ಒಂದು ಮಾತ್ರೆ ತಂದ್ಕೊಡ್ರೇ, ನಿಮ್ಮ ಕಾಲಿಗೆ ಬೀಳ್ತೀನಿ" ಎನ್ನುತ್ತಾಳೆ.

ಗುಬ್ಬಿಯ ನೋವು ಇವತ್ತಿನದಲ್ಲ. ಮೈನೆರೆದಾಗಿನಿಂದ ತಿಂಗಳು ತಿಂಗಳೂ ನೆಲ ಹಿಡಿಯುತ್ತಿದ್ದಳು. ಮದುವೆಯಾದರೆ ಸರಿಹೋಗುತ್ತದೆ ಅಂದರು. ಮದುವೆಯಾಯಿತು. ಮಗುವಾದರೆ ಸರಿಹೋಗುತ್ತದೆ ಅಂದರು. ಮಗುವಾಗಲಿಲ್ಲ. ನಾಟಕದವಳು ಎಂದು ಅವಳ ಅತ್ತೆ ತವರಿಗೆ ವಾಪಸು ಅಟ್ಟಿದಳು. "ಹೆಂಗಸ್ರಿಗೆ ಇದೆಲ್ಲ ಇದ್ದಿದ್ದೇ" ಅಂದ ನನ್ನ ಗಂಡ.

"ನಿಮಗೆ ಹಲ್ಲುನೋವು ಬಂದಾಗ ಬೀದಿ ಬೀದಿನೇ ಎದ್ದು ಕೂತಿತ್ತಲ್ಲ, ಅದೂ ಇದ್ದಿದ್ದೇನಾ?" ಎಂದು ಕೇಳಿ, ಅವಳನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾವು ಶೀಟು ಒಗೆಯುವ ಅದೇ ಆಸ್ಪತ್ರೆ.

ಅಲ್ಲಿಯ ಡಾಕ್ಟರಮ್ಮ ನಗಲಿಲ್ಲ. ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕಾಯಿಲೆಗೆ ಎಂಡೋಮೆಟ್ರಿಯೋಸಿಸ್ ಎಂಬ ಹೆಸರು ಹೇಳಿದಳು. "ಗರ್ಭಕೋಶದ ಒಳಗಿರೋ ಥರದ್ದೇ ಪದರ ಹೊರಗೂ ಬೆಳೆದಿದೆ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲಮ್ಮ. ಹತೋಟಿಗೆ ತರಬಹುದು." ದಿನಕ್ಕೊಂದು ಹಾರ್ಮೋನು ಮಾತ್ರೆ. ನೋವು ತಲೆ ಎತ್ತುತ್ತಿದ್ದ ಹಾಗೇ, ಊಟ ಮಾಡಿ, ಬೇರೊಂದು ಸಾದಾ ಮಾತ್ರೆ. ಹೊಟ್ಟೆಗೆ ಬಿಸಿ ಶಾಖ, ದಿನಾ ನಡಿಗೆ, ಆಗಾಗ ಕೂರುವುದು. ಮೇಸ್ತ್ರಿ ಕೊಡುವ ಪಟ್ಟಿಯ ತುಂಡನ್ನು ತೋರಿಸಿದಾಗ ಅವಳ ಮುಖ ಬಿಗಿಯಿತು. "ಇದು ಅಫೀಮಿನ ಜಾತಿದು. ಮೊದಲು ನೋವಿನ ಬಾಯಿ ಮುಚ್ಚಿಸುತ್ತೆ, ಆಮೇಲೆ ನಿಮ್ಮ ಕತ್ತು ಹಿಡಿಯುತ್ತೆ. ಯಾರು ಕೊಟ್ರು?"

ನಾವು ಹೇಳಲಿಲ್ಲ. ಹೊಟ್ಟೆಪಾಡು.

ಲಾಂಡ್ರಿಯಲ್ಲಿ ಕೂರುವುದಕ್ಕೆ ಒಂದು ಸ್ಟೂಲೂ ಇಲ್ಲ. ಬಿಸಿ ಮಾತ್ರ ಬೇಕಾದಷ್ಟಿದೆ. ಅದಕ್ಕೇ ನಾವೊಂದು ಉಪಾಯ ಮಾಡಿದೆವು. ಉರುಳೆಯಿಂದ ಕಡೆಗೆ ಬರುವ ಬಿಸಿ ತುದಿ ಯಾವಾಗಲೂ ಗುಬ್ಬಿಗೆ. ಮಡಿಸಿದ ಕಟ್ಟನ್ನು ಹೊಟ್ಟೆಗವಚಿಕೊಂಡು ಗಾಡಿಗೆ ಒಯ್ಯುವವಳೂ ಅವಳೇ. ಶಾಖವೂ ಆಯಿತು, ನಡಿಗೆಯೂ ಆಯಿತು, ಕೆಲಸವೂ ನಿಲ್ಲಲಿಲ್ಲ.

ಪಕ್ಕದ ಜೋಡಿಯವಳನ್ನು ನಾವು ರೇಡಿಯೋ ಅನ್ನುತ್ತೇವೆ. ಬಾಯಿ ಮುಚ್ಚಿದ್ದೇ ಇಲ್ಲ. "ಏನೇ ಗುಬ್ಬಿ, ಶೀಟು ಹೊರ್ತೀಯೋ, ಗಂಡನ್ನ ತಬ್ಕೋತೀಯೋ?" ಎನ್ನುತ್ತಿದ್ದಳು.

"ಗಂಡ ಇಷ್ಟು ಬೆಚ್ಚಗಿದ್ದಿದ್ರೆ ನಾನ್ಯಾಕೆ ವಾಪಸ್ ಬರ್ತಿದ್ದೆ ಅಕ್ಕಾ?"

ಹಾಗೆ ನಗುನಗುತ್ತ ಕೆಲವು ತಿಂಗಳು ದಾಟಿದ್ದೆವು. ನೋವು ಬರುತ್ತಿತ್ತು, ಹೋಗುತ್ತಿತ್ತು. ಇವತ್ತು ಜೋರಾಗಿಯೇ ಬಂದಿತ್ತು.

ಗುಬ್ಬಿ ಮೇಸ್ತ್ರಿಯ ಕೈಯ ಮಾತ್ರೆಯನ್ನು ಮುಟ್ಟದೆ, ಮೇಜಿನ ಮೇಲಿದ್ದ ಬಿಸಿ ಕಟ್ಟನ್ನು ಎತ್ತಿ ಹೊಟ್ಟೆಗೊತ್ತಿಕೊಂಡಳು. ಅವನಿಗೆ ಆಗ ತಿಳಿಯಿತು.

"ಓಹೋ! ಬಿಸಿ ಕಾಯಿಸ್ಕೋತಿದೀಯಾ? ರೋಗಿಗಳು ಮಲಗೋ ಶೀಟಿಗೆ ನಿನ್ನ ಹೊಟ್ಟೆ ಉಜ್ತೀಯೇನೇ, ಹಲ್ಕಟ್?"

"ನಾನೂ ರೋಗಿನೇ ಸಾರ್. ಅದೇ ಆಸ್ಪತ್ರೆದು."

ಯಾರೋ ಕಿಸಕ್ಕೆಂದರು. ಅದೇ ತಪ್ಪಾಯಿತು. ಅವನು ಕಟ್ಟನ್ನು ಕಿತ್ತುಕೊಂಡು ಅವಳ ಮುಷ್ಟಿಗೆ ಮಾತ್ರೆ ತುರುಕಿದ.

"ನಡಿ ಒದ್ದೆ ಕಡೆಗೆ. ಇದನ್ನ ನುಂಗಿದ ಮೇಲೇನೇ ಈ ಕಡೆ ಮುಖ ಹಾಕೋದು."

ಒದ್ದೆ ಕಡೆ ಎಂದರೆ ಹಿಂಡುವ ಯಂತ್ರದಿಂದ ತಣ್ಣನೆಯ ಬಟ್ಟೆಯ ಮುದ್ದೆಗಳನ್ನು ಎಳೆದು ಹಾಕುವ ಜಾಗ. ಗಂಡಸರೇ ಸೊಂಟ ಹಿಡಿದುಕೊಳ್ಳುತ್ತಾರೆ.

"ಸಾರ್, ಅವಳನ್ನ ಬಿಡಿ, ನಾನು ಹೋಗ್ತೀನಿ" ಅಂದೆ.

"ನೀನು ತುದಿ ಹಿಡ್ಕೊಂಡು ಬಾಯಿ ಮುಚ್ಕೊಂಡಿರು."

ಗುಬ್ಬಿಯ ಜಾಗಕ್ಕೆ ರೇಡಿಯೋಳನ್ನು ನಿಲ್ಲಿಸಿದ. ನಾವು ಮಡಿಸಿದೆವು. ರೇಡಿಯೋಳ ಕಣ್ಣು ಒದ್ದೆ ಕಡೆಗೇ ಇತ್ತು.

ಆಚೆಗೆ ಗುಬ್ಬಿ ಕಾಣುತ್ತಿದ್ದಳು. ಒಂದು ಮುದ್ದೆ ಎಳೆದಳು. ನೀರು ಅವಳ ಹೊಟ್ಟೆಯ ಮೇಲೆ ಹರಿಯಿತು. ಇನ್ನೊಂದಕ್ಕೆ ಕೈಹಾಕಿದವಳು ಹಾಗೇ ಒದ್ದೆ ನೆಲದ ಮೇಲೆ ಕುಸಿದು, ಮೊಣಕಾಲನ್ನು ಎದೆಗೆ ಎಳೆದುಕೊಂಡಳು. ಮುಷ್ಟಿ ಬಿಚ್ಚಿ ಮಾತ್ರೆಯನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಗೇಟಿನ ಹೊರಗೆ ದಿನಾ ನೋಡುತ್ತೇನೆ.

ಅವಳ ಕೈ ಬಾಯಿಯ ಕಡೆಗೆ ಎದ್ದಿತು.

ನಾನು ನನ್ನ ತುದಿ ಬಿಟ್ಟೆ.

ಶೀಟು ಜಾರಿತು. ರೇಡಿಯೋ ನನ್ನ ಮುಖ ನೋಡಿದಳು, ತನ್ನ ತುದಿ ನೋಡಿದಳು, ಅವಳೂ ಬಿಟ್ಟಳು. ಪಕ್ಕದ ಜೋಡಿ ಬಿಟ್ಟಿತು. ಅದರ ಪಕ್ಕದ್ದೂ ಬಿಟ್ಟಿತು.

"ಹಿಡೀರೇ! ಏಯ್, ಬೋಳಿಮುಂಡೇರಾ, ಹಿಡೀರೇ!"

ಯಾರೂ ಬಗ್ಗಲಿಲ್ಲ. ಗುಬ್ಬಿಯ ಕೈ ಅರ್ಧದಲ್ಲೇ ನಿಂತಿತ್ತು. ಅವಳು ಗೋಡೆ ಹಿಡಿದು ಎದ್ದಳು. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು, ನೆಲದ ಮೇಲೆ ಬಿದ್ದಿದ್ದ ಶೀಟಿನ ರಾಶಿಯ ಮೇಲೆ ಕೂತಳು. ಆಗಷ್ಟೇ ಬಿದ್ದದ್ದೊಂದನ್ನು ಎಳೆದು ಹೊಟ್ಟೆಗೆ ಸುತ್ತಿಕೊಂಡಳು. ಅವಳ ತುಟಿ ನೀಲಿಗಟ್ಟಿತ್ತು. ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಅಂಗೈ ಚಾಚಿದಳು.

"ತಗೊಳ್ಳಿ ಸಾರ್, ನಿಮ್ಮ ಮಾತ್ರೆ. ಈಗ ನಿಮಗೇ ತಲೆನೋವು ಶುರುವಾಗುತ್ತೆ."

ಅವನು ಕೈ ಎತ್ತಿದ. ಸುತ್ತ ನಿಂತವರನ್ನು ನೋಡಿ ಇಳಿಸಿದ.

ಉರುಳೆಗಳು ಮಾತ್ರ ನಿಂತಿರಲಿಲ್ಲ. ಆ ತುದಿಯಲ್ಲಿ ಶೀಟು ತುಂಬುವ ಹೆಂಗಸರು ತುಂಬುತ್ತಲೇ ಇದ್ದರು. ತುಂಬಿ ಎಂದು ಮೇಸ್ತ್ರಿಯೇ ತಾನೆ ಹೇಳಿದ್ದು? ಬಿಸಿ ಬಿಸಿ ಶೀಟುಗಳು ಒಂದರ ಮೇಲೊಂದು ಈಚೆ ಬಂದು ನೆಲಕ್ಕೆ ಸುರಿಯುತ್ತಿದ್ದವು. ಅವನು ಜೇಬು ತಡಕಿ ಕೀಲಿ ತೆಗೆದ.

ಉದ್ದಕ್ಕನ ಕೈ ಒಳಗಿದ್ದ ದಿನ ಗಾಜಿನ ಕೋಣೆಗೆ ನಡೆದುಕೊಂಡು ಹೋಗಿದ್ದವನು, ಇವತ್ತು ಓಡಿದ.